ರಿಪೋರ್ಟಿನಲ್ಲಿರುವ ಉರಿಯೂತದ ಅಂಕಿಗಳು: ಕ್ಯಾನ್ಸರ್ ರೋಗಿಯ ಮುಂದಿನ ದಾರಿ ತಿಳಿಯಲು ಯಾವುದನ್ನು ನೋಡಬೇಕು?

ಒಂದು ಬೆಳಗ್ಗೆ ಒಬ್ಬ ಹುಡುಗ ಅಮ್ಮನ ಫೈಲ್ ಹಿಡಿದುಕೊಂಡು ನಮ್ಮ ಲ್ಯಾಬಿನ ಕಿಟಕಿ ಹತ್ತಿರ ಬಂದ. ಅವತ್ತು ಅವರಿಗೆ ಮೂರನೇ ಕೀಮೋ. ಕೈಯಲ್ಲಿ ಆಗಷ್ಟೇ ಪ್ರಿಂಟ್ ಆದ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟ್, ಇನ್ನೊಂದು ಕೈಯಲ್ಲಿ ಮೊಬೈಲು. "ಸಾರ್, ಹೋದ ಸಲ ಎನ್‌ಎಲ್‌ಆರ್ 4 ಇತ್ತು. ಈಗ 11 ಆಗಿದೆ. ಅಮ್ಮನಿಗೆ ಕಾಯಿಲೆ ಜಾಸ್ತಿ ಆಗಿದೆಯಾ?" ಅಂತ ಕೇಳಿದ. ಮುಖದಲ್ಲಿ ನಿದ್ದೆ ಇರಲಿಲ್ಲ.

"ನಿನ್ನೆ ರಾತ್ರಿ ಮಾತ್ರೆ ಕೊಟ್ಟಿದ್ರಾ?" ಅಂದೆ.

"ಕೊಟ್ಟೆ ಸಾರ್. ರಾತ್ರಿ ಐದು, ಬೆಳಗಿನ ಜಾವ ಐದು."

ಅದು ಡೆಕ್ಸಾಮೆಥಾಸೋನ್. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ಹಾಕುವ ಮುಂಚೆ ಅಲರ್ಜಿ ಆಗದಿರಲಿ ಅಂತ ಕೊಡುವ ಸ್ಟೀರಾಯ್ಡ್. ಅದು ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಕಳಚಿಕೊಂಡು ಹರಿಯುವ ರಕ್ತಕ್ಕೆ ಬರುತ್ತವೆ. ಲಿಂಫೋಸೈಟ್ ಅನ್ನುವ ಇನ್ನೊಂದು ಜಾತಿಯ ಬಿಳಿ ಕಣಗಳು ರಕ್ತ ಬಿಟ್ಟು ಮೂಳೆಯ ಮಜ್ಜೆಯಂಥ ಕಡೆ ಸೇರಿಕೊಳ್ಳುತ್ತವೆ. ಎನ್‌ಎಲ್‌ಆರ್ ಅಂದರೆ ನ್ಯೂಟ್ರೋಫಿಲ್ಲನ್ನು ಲಿಂಫೋಸೈಟಿನಿಂದ ಭಾಗಿಸಿದ ಅಂಕಿ. ಮೇಲಿನ ಅಂಕಿ ಏರಿತು, ಕೆಳಗಿನದು ಇಳಿಯಿತು. ಭಾಗಿಸಿದರೆ 11 ಬರಲೇಬೇಕು, ಅಲ್ವಾ? ಆ 11 ಗಡ್ಡೆಯ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಹಾಗಂತ ನಾನು ತೀರ್ಪು ಕೊಡುವ ಹಾಗಿಲ್ಲ. ಡಾಕ್ಟರ ಹತ್ತಿರ ಹೋಗಿ ಮಾತ್ರೆಯ ವಿಷಯ ಮೊದಲು ಹೇಳಿ ಅಂತ ಕಳಿಸಿದೆ.

ಆ ಹುಡುಗನಂಥವರು ಈಗ ತುಂಬಾ ಜನ ಬರುತ್ತಾರೆ. ರಕ್ತದ ಒಂದು ಅಂಕಿಯಿಂದ ಕ್ಯಾನ್ಸರ್ ಯಾವ ಕಡೆ ಹೋಗುತ್ತದೆ ಅಂತ ತಿಳಿಯಬಹುದು ಅಂತ ಎಲ್ಲೋ ಓದಿರುತ್ತಾರೆ. ಓದಿದ್ದು ಸುಳ್ಳೇನಲ್ಲ. ಆದರೆ ಅಂಥ ಅಂಕಿಗಳು ಹತ್ತಾರಿವೆ. ಯಾವುದು ಗಟ್ಟಿ, ಯಾವುದು ಜೊಳ್ಳು, ಯಾವುದನ್ನು ಯಾವ ದಿನ ನೋಡಬೇಕು ಅನ್ನೋದನ್ನು ಯಾರೂ ಕೂತು ಹೇಳಿರುವುದಿಲ್ಲ. ದಿನವಿಡೀ ಈ ಟ್ಯೂಬುಗಳ ನಡುವೆಯೇ ಇರುವವನಾಗಿ ನಾನು ಹೇಳುತ್ತೇನೆ.

ಗಡ್ಡೆಗೂ ಉರಿಯೂತಕ್ಕೂ ಏನು ಸಂಬಂಧ?

1863ರಲ್ಲೇ ಜರ್ಮನಿಯ ರುಡಾಲ್ಫ್ ವಿರ್ಕೋ ಗಡ್ಡೆಯ ಒಳಗೆ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ಗಮನಿಸಿದ್ದರು. ಗಡ್ಡೆ ಬೆಳೆಯುವಾಗ ಸುತ್ತಲಿನ ಜಾಗದಲ್ಲಿ ವಾಸಿಯಾಗದ ಗಾಯದಂಥ ಸ್ಥಿತಿ ಇರುತ್ತದೆ. ಅಲ್ಲಿಂದ ಇಂಟರ್‌ಲ್ಯೂಕಿನ್-6 ಅನ್ನುವ ಸಂದೇಶದ ವಸ್ತು ರಕ್ತಕ್ಕೆ ಸೇರುತ್ತದೆ. ಅದು ಲಿವರ್ ತಲುಪಿದಾಗ ಲಿವರ್ ಸಿಆರ್‌ಪಿ ಅನ್ನುವ ಪ್ರೋಟೀನನ್ನು ರಾಶಿ ರಾಶಿ ಮಾಡುತ್ತದೆ, ಅಲ್ಬುಮಿನ್ ಅನ್ನುವ ಇನ್ನೊಂದು ಪ್ರೋಟೀನ್ ಮಾಡುವುದನ್ನು ಕಡಿಮೆ ಮಾಡುತ್ತದೆ. ಮಜ್ಜೆಯಿಂದ ನ್ಯೂಟ್ರೋಫಿಲ್ ಮತ್ತು ಪ್ಲೇಟ್‌ಲೆಟ್ ಜಾಸ್ತಿ ಬರುತ್ತವೆ. ಗಡ್ಡೆಯ ವಿರುದ್ಧ ಹೋರಾಡಬೇಕಾದ ಲಿಂಫೋಸೈಟ್ ಕಡಿಮೆಯಾಗುತ್ತವೆ. ಮುಂದೆ ಹೇಳುವ ಅಂಕಿಗಳೆಲ್ಲ ಬಹುಮಟ್ಟಿಗೆ ಈ ಒಂದೇ ಕಥೆಯನ್ನು ಬೇರೆ ಬೇರೆ ಕಿಟಕಿಯಿಂದ ನೋಡುತ್ತವೆ. ಕೊನೆಯಲ್ಲಿ ಬರುವ ಎಲ್‌ಡಿಎಚ್ ಅನ್ನುವ ಕಿಣ್ವದ ಅಂಕಿ ಮಾತ್ರ ಸ್ವಲ್ಪ ಬೇರೆ.

ತೊಂದರೆ ಇರುವುದು ಇಲ್ಲೇ. ಹಲ್ಲಿನ ಬೇರಿನ ಕೀವು, ಮೂತ್ರದ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಟಿಬಿ, ಇವೆಲ್ಲ ಇದೇ ಕಥೆಯನ್ನು ಹೇಳುತ್ತವೆ. ಅಂಕಿ ನೋಡಿ ಇದು ಗಡ್ಡೆಯದಾ, ಹಲ್ಲಿನದಾ ಅಂತ ಹೇಳಲು ಆಗುವುದಿಲ್ಲ. ಅದಕ್ಕೇ ಇವುಗಳಿಂದ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ಕಂಡುಹಿಡಿಯಲು ಹೋಗಲೇಬೇಡಿ. ಆರೋಗ್ಯವಾಗಿರುವವರು ಸಿಆರ್‌ಪಿ, ಎನ್‌ಎಲ್‌ಆರ್ ನೋಡಿ ಕ್ಯಾನ್ಸರ್ ಭಯಕ್ಕೆ ಬೀಳುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಇವು ಉಪಯೋಗಕ್ಕೆ ಬರುವುದು ಕ್ಯಾನ್ಸರ್ ಅಂತ ಖಚಿತವಾದ ಮೇಲೆ, ದಾರಿ ಎಷ್ಟು ಕಷ್ಟವಿರಬಹುದು ಅಂತ ಅಂದಾಜು ಮಾಡಲು. ಗಡ್ಡೆ ಇರುವಾಗ ರಕ್ತದಲ್ಲಿ ಏರಬಹುದಾದ ಸಿಇಎ, ಸಿಎ-125 ಥರದ ಟ್ಯೂಮರ್ ಮಾರ್ಕರ್‌ಗಳದ್ದು ಬೇರೆ ಮಾತು. ಅವನ್ನು ಇಲ್ಲಿ ಬೆರೆಸುವುದಿಲ್ಲ.

ಒಂದೇ ರಿಪೋರ್ಟ್, ಹಲವು ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚಿಕಿತ್ಸೆ ಇನ್ನೂ ಶುರುವಾಗದ ಒಬ್ಬರ ರಕ್ತ. ಬಿಳಿ ಕಣ 8,400. ಅದರಲ್ಲಿ ನ್ಯೂಟ್ರೋಫಿಲ್ 72, ಲಿಂಫೋಸೈಟ್ 18, ಮೊನೋಸೈಟ್ 7, ಇಯೋಸಿನೋಫಿಲ್ 3 ಶೇಕಡ. ಪ್ಲೇಟ್‌ಲೆಟ್ 3.6 ಲಕ್ಷ. ಸಿಆರ್‌ಪಿ ಲೀಟರಿಗೆ 14 ಮಿಲಿಗ್ರಾಂ, ಅಲ್ಬುಮಿನ್ ಡೆಸಿಲೀಟರಿಗೆ 3.4 ಗ್ರಾಂ.

ಎನ್‌ಎಲ್‌ಆರ್ ಅಂದರೆ ನ್ಯೂಟ್ರೋಫಿಲ್ ಭಾಗಿಸು ಲಿಂಫೋಸೈಟ್. 72ನ್ನು 18ರಿಂದ ಭಾಗಿಸಿದರೆ 4. ಶೇಕಡಾವಾರು ಅಂಕಿಯಲ್ಲೇ ಲೆಕ್ಕ ಮುಗಿಯುತ್ತದೆ, ಬೇರೆ ಟೆಸ್ಟಿಗೆ ದುಡ್ಡು ಕೊಡಬೇಕಿಲ್ಲ. ಇದರ ದೊಡ್ಡ ಗುಣ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಿದ ಸಿಬಿಸಿಯಿಂದಲೂ ಸಿಗುತ್ತದೆ. 2014ರಲ್ಲಿ ಗಟ್ಟಿ ಗಡ್ಡೆಗಳ ಮೇಲೆ ನಡೆದ 100 ಅಧ್ಯಯನಗಳನ್ನು, 40,559 ರೋಗಿಗಳನ್ನು ಒಟ್ಟಿಗೆ ಸೇರಿಸಿ ನೋಡಿದ ವಿಶ್ಲೇಷಣೆ ಬಂತು. ಎನ್‌ಎಲ್‌ಆರ್ ಹೆಚ್ಚಿದ್ದವರ ಗುಂಪಿನಲ್ಲಿ ಸಾವಿನ ಅಪಾಯ 1.81 ಪಟ್ಟು ಇತ್ತು. ಆದರೆ 'ಹೆಚ್ಚು' ಅಂದರೆ ಎಷ್ಟು ಅನ್ನೋದು ಒಂದೊಂದು ಅಧ್ಯಯನದಲ್ಲಿ ಒಂದೊಂದು ಥರ ಇತ್ತು. ಅವೆಲ್ಲದರ ನಡುವಿನ ಸಂಖ್ಯೆ 4. ನಮ್ಮ ಉದಾಹರಣೆಯವರು ಸರಿಯಾಗಿ ಆ ಗೆರೆಯ ಮೇಲೇ ನಿಂತಿದ್ದಾರೆ. ಅವರನ್ನು ಯಾವ ಗುಂಪಿಗೆ ಹಾಕುತ್ತೀರಿ? ಅಂಕಿ 3.9 ಬಂದರೆ ನೆಮ್ಮದಿ, 4.1 ಬಂದರೆ ಗಾಬರಿ ಅನ್ನುವುದರಲ್ಲಿ ಅರ್ಥವಿಲ್ಲ. 1.81 ಅನ್ನೋದು ಗುಂಪಿನ ಲೆಕ್ಕ. ಒಬ್ಬ ಮನುಷ್ಯನ ಹಣೆಬರಹ ಅಲ್ಲ.

ಇಲ್ಲಿಂದ ಹುಟ್ಟಿದ ಅಂಕಿಗಳೇ ಪಿಎಲ್‌ಆರ್, ಎಸ್‌ಐಐ, ಎಲ್‌ಎಂಆರ್. ಪಿಎಲ್‌ಆರ್ ಅಂದರೆ ಪ್ಲೇಟ್‌ಲೆಟ್ ಭಾಗಿಸು ಲಿಂಫೋಸೈಟ್. ನಮ್ಮ ಉದಾಹರಣೆಯಲ್ಲಿ 238. ನಮ್ಮ ಕಡೆ ಇದನ್ನು ನೋಡುವಾಗ ತುಂಬಾ ಹುಷಾರಾಗಿರಬೇಕು. ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆ ಅಂತ ನಿಮಗೇ ಗೊತ್ತು. ಮಳೆಗಾಲದಲ್ಲಿ ಡೆಂಗ್ಯೂ ಬಂದರೆ ಉಲ್ಟಾ, ಪ್ಲೇಟ್‌ಲೆಟ್ ಕುಸಿಯುತ್ತದೆ. ಇನ್ನು ಕೆಲವರ ರಕ್ತ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇರುವ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎಗೆ ಸೇರಿದಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೆಷೀನು ಆ ಗುಂಪುಗಳನ್ನು ಎಣಿಸುವುದೇ ಇಲ್ಲ, 60 ಸಾವಿರ ಅಂತ ತೋರಿಸಿಬಿಡುತ್ತದೆ. ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಚಿನಲ್ಲಿ ಗೊಂಚಲು ಗೊಂಚಲಾಗಿ ಕಾಣುತ್ತವೆ. ಆಗ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಯುತ್ತೇವೆ.

ಎಸ್‌ಐಐ ಲೆಕ್ಕದಲ್ಲಿ ಪ್ಲೇಟ್‌ಲೆಟ್ಟನ್ನು ಸಾವಿರಗಳಲ್ಲಿ ಹಿಡಿದು ಎನ್‌ಎಲ್‌ಆರ್‌ನಿಂದ ಗುಣಿಸುತ್ತಾರೆ. 360 ಗುಣಿಸು 4, ಅಂದರೆ 1,440. 2014ರಲ್ಲಿ ಶಾಂಘೈನ ವೈದ್ಯರು ಲಿವರ್ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ ಇದನ್ನು ಪರಿಚಯಿಸಿದರು. ಅವರು ಎಳೆದ ಗೆರೆ 330. ಅದನ್ನು ನೋಡಿ ಬೇರೆ ಕ್ಯಾನ್ಸರ್ ಇರುವವರು ತಮ್ಮ 1,440ನ್ನು ಹೋಲಿಸಿಕೊಂಡು ಹೆದರುತ್ತಾರೆ. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ಕಾಯಿಲೆ ಇರುವವರಲ್ಲಿ ಪ್ಲೇಟ್‌ಲೆಟ್ ಮೊದಲೇ ಕಡಿಮೆ ಇರುತ್ತದೆ, ಹಾಗಾಗಿ ಲಿವರ್ ಕ್ಯಾನ್ಸರಿನ ಗೆರೆಯೇ ಕೆಳಗಿದೆ. ಅದನ್ನು ಹೊಟ್ಟೆಯ ಕ್ಯಾನ್ಸರಿಗೆ ತಂದು ಹಾಕಬಾರದು. ನನ್ನ ಅಭಿಪ್ರಾಯದಲ್ಲಿ ಮನೆಯವರು ಎಸ್‌ಐಐ ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಎನ್‌ಎಲ್‌ಆರ್ ಜೊತೆ ಪ್ಲೇಟ್‌ಲೆಟ್ಟಿನ ತಪ್ಪುಗಳನ್ನೂ ಸೇರಿಸಿ ಗುಣಿಸಿದ ಹಾಗೆ ಆಗುತ್ತದೆ.

ಎಲ್‌ಎಂಆರ್, ಅಂದರೆ ಲಿಂಫೋಸೈಟ್ ಭಾಗಿಸು ಮೊನೋಸೈಟ್, ಉಲ್ಟಾ ಓದಬೇಕಾದ ಅಂಕಿ. ಇದು ಕಡಿಮೆ ಇದ್ದರೆ ಕೆಟ್ಟದ್ದು. ಇಲ್ಲಿ 18 ಭಾಗಿಸು 7, ಸುಮಾರು 2.6. ಇದರ ಕಷ್ಟ ನಮ್ಮ ಕೈಯಲ್ಲೇ ಇದೆ. ಮೆಷೀನು ಸಾವಿರಾರು ಕಣ ಎಣಿಸುತ್ತದೆ. ಮೆಷೀನಿನ ಲೆಕ್ಕ ಅನುಮಾನ ಬಂದಾಗ ನಾವು ಸ್ಲೈಡಿನಲ್ಲಿ ಕಣ್ಣಿಟ್ಟು 100 ಕಣ ಎಣಿಸುತ್ತೇವೆ. ಆಗ 7 ಸಿಕ್ಕಿದ ಮೊನೋಸೈಟ್, ಅದೇ ಸ್ಲೈಡಿನಲ್ಲಿ ಪಕ್ಕದ 100 ಎಣಿಸಿದರೆ 4 ಸಿಗಬಹುದು, 10 ಸಿಗಬಹುದು. ಲಿಂಫೋಸೈಟ್ 18ರಲ್ಲೇ ನಿಂತರೂ ಎಲ್‌ಎಂಆರ್ 4.5ರಿಂದ 1.8ರವರೆಗೆ ಓಡಾಡುತ್ತದೆ. ರೋಗಿಯಲ್ಲಿ ಏನೂ ಬದಲಾಗಿರುವುದಿಲ್ಲ.

ನಾನು ಮೊದಲು ನೋಡುವುದು ಯಾವುದು?

ಸಿಆರ್‌ಪಿ ಮತ್ತು ಅಲ್ಬುಮಿನ್ ಜೋಡಿ. ಇದನ್ನು ಗ್ಲಾಸ್ಗೋ ಸ್ಕೋರ್ ಅನ್ನುತ್ತಾರೆ. 2003ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಆಪರೇಷನ್ ಮಾಡಲಾಗದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಶುರುವಾದದ್ದು. ಸಿಆರ್‌ಪಿ 10 ಮಿಲಿಗ್ರಾಂ ದಾಟಿದರೆ ಒಂದು ಅಂಕ, ಅಲ್ಬುಮಿನ್ 3.5 ಗ್ರಾಂಗಿಂತ ಕಡಿಮೆಯಾದರೆ ಇನ್ನೊಂದು ಅಂಕ. ಅಂದರೆ 0, 1 ಅಥವಾ 2. ಆಮೇಲೆ ಅವರೇ ಇದನ್ನು ತಿದ್ದಿದರು. ಸಿಆರ್‌ಪಿ ಸರಿಯಿದ್ದು ಅಲ್ಬುಮಿನ್ ಮಾತ್ರ ಕಡಿಮೆಯಿದ್ದರೆ ಅಂಕ 0. ಸಿಆರ್‌ಪಿ ಮಾತ್ರ ಜಾಸ್ತಿ ಇದ್ದರೆ 1. ಎರಡೂ ಕೆಟ್ಟಿದ್ದರೆ 2. ನಮ್ಮ ಉದಾಹರಣೆಯವರದ್ದು 2.

ಈ ತಿದ್ದುಪಡಿ ನಮ್ಮವರಿಗೆ ಹೇಳಿ ಮಾಡಿಸಿದ ಹಾಗಿದೆ. ನಮ್ಮಲ್ಲಿ ಅಲ್ಬುಮಿನ್ ಕಡಿಮೆಯಾಗಲು ನೂರು ಕಾರಣ. ಸರಿಯಾಗಿ ಊಟ ಸೇರದವರು, ಲಿವರ್ ಕೆಟ್ಟವರು, ಕಿಡ್ನಿಯಿಂದ ಪ್ರೋಟೀನ್ ಸೋರಿಹೋಗುವವರು. ಅವರಿಗೆಲ್ಲ ಸುಮ್ನೆ ಕೆಟ್ಟ ಅಂಕ ಬೀಳುವುದನ್ನು ಇದು ತಪ್ಪಿಸುತ್ತದೆ. ಎನ್‌ಎಲ್‌ಆರ್‌ಗೆ ಇಲ್ಲದ ಇನ್ನೊಂದು ಒಳ್ಳೆಯ ಗುಣ ಇದಕ್ಕಿದೆ: ಗೆರೆ ಎಲ್ಲ ಕಡೆ ಒಂದೇ. ಗ್ಲಾಸ್ಗೋದಲ್ಲೂ 10, ಕಲಬುರಗಿಯಲ್ಲೂ 10. ಬೇಕಾದ ಹಾಗೆ ಎಳೆದು ಹೊಂದಿಸಿಕೊಳ್ಳಲು ಜಾಗ ಇಲ್ಲ. ಈ ಒಂದು ಕಾರಣಕ್ಕೇ ನಾನು ಇದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಎರಡು ಎಚ್ಚರಿಕೆ. ಮೊದಲನೆಯದು ಅಳತೆಯ ಮಾನ. ಕೆಲವು ಲ್ಯಾಬು ಸಿಆರ್‌ಪಿಯನ್ನು ಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಡೆಸಿಲೀಟರ್ ಲೆಕ್ಕದಲ್ಲಿ. ಲೀಟರಿನ 14 ಅಂದರೆ ಡೆಸಿಲೀಟರಿನ 1.4. ಒಂದು ಲ್ಯಾಬಿನಲ್ಲಿ 14, ಮುಂದಿನ ತಿಂಗಳು ಇನ್ನೊಂದರಲ್ಲಿ 1.4 ಬಂತು ಅಂತ ಮನೆಯವರು ಸಿಹಿ ಹಂಚಿದ್ದನ್ನು ನೋಡಿದ್ದೇನೆ. ಎರಡೂ ಒಂದೇ ಅಂತ ಹೇಳುವಾಗ ನನ್ನ ಬಾಯಿ ಒಣಗಿತ್ತು. ಎರಡನೆಯದು, ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಅಂತ ಇನ್ನೊಂದು ಇದೆ. ಪ್ರೋಟೀನ್ ಅದೇ. ತುಂಬಾ ಸಣ್ಣ ಪ್ರಮಾಣವನ್ನೂ ಅಳೆಯುತ್ತದೆ, ಹೃದಯದ ಅಪಾಯ ನೋಡಲು ಬಳಸುತ್ತಾರೆ. ಕ್ಯಾನ್ಸರಿನ ಈ ಲೆಕ್ಕಕ್ಕೆ ಮಾಮೂಲಿ ಸಿಆರ್‌ಪಿ ಧಾರಾಳ ಸಾಕು. ಇಂಟರ್‌ಲ್ಯೂಕಿನ್-6 ಟೆಸ್ಟಿಗೂ ಜಾಸ್ತಿ ದುಡ್ಡು ಸುರಿಯಬೇಡಿ. ಅದು ಹೇಳುವುದರಲ್ಲಿ ಬಹುಪಾಲನ್ನು ಸಿಆರ್‌ಪಿಯೇ ಹೇಳಿರುತ್ತದೆ.

ಅಲ್ಬುಮಿನ್ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಅದು ಕಡಿಮೆ ಅಂತ ಗೊತ್ತಾದ ತಕ್ಷಣ ಮನೆಯಲ್ಲಿ ಮೊಟ್ಟೆಯ ಬಿಳಿ, ಪ್ರೋಟೀನ್ ಪುಡಿ ಶುರುವಾಗುತ್ತದೆ. ತಿನ್ನಿಸಿ, ಖಂಡಿತ ತಿನ್ನಿಸಿ, ದೇಹಕ್ಕೆ ಬೇಕು. ಆದರೆ ಮುಂದಿನ ವಾರ ಅಂಕಿ ಏರಲಿಲ್ಲ ಅಂತ ರೋಗಿಯನ್ನು ಬೈಯಬೇಡಿ. ಅಲ್ಬುಮಿನ್ನಿನ ಅರ್ಧಾಯುಷ್ಯ ಸುಮಾರು 20 ದಿನ. ಅಷ್ಟೇ ಅಲ್ಲ, ಉರಿಯೂತ ಇರುವಷ್ಟು ದಿನ ಲಿವರ್ ಅದನ್ನು ಮಾಡುವುದನ್ನೇ ಕಡಿಮೆ ಮಾಡಿರುತ್ತದೆ. ಅಮ್ಮ ಮೊಟ್ಟೆ ತಿನ್ನದೆ ಹೀಗಾಯಿತು ಅನ್ನೋದು ತಪ್ಪು ಲೆಕ್ಕ. ಸಿಆರ್‌ಪಿ ಹಾಗಲ್ಲ. ಅದರ ಅರ್ಧಾಯುಷ್ಯ ಸುಮಾರು 19 ಗಂಟೆ. ಸೋಂಕು ಹೋದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆಪರೇಷನ್ ಆದ ಎರಡು ಮೂರು ದಿನಕ್ಕೆ ತುತ್ತತುದಿಗೆ ಏರುತ್ತದೆ, ಅದು ಗಾಯಕ್ಕೆ, ಗಡ್ಡೆಗಲ್ಲ. ಹಾಗಾಗಿ ಹೋಲಿಸಲು ಬೇಕಾದ ಮೊದಲ ರಕ್ತವನ್ನು ಆಪರೇಷನ್ನಿಗೆ ಮುಂಚೆಯೇ ತೆಗೆಸಿಟ್ಟುಕೊಂಡಿರಬೇಕು.

ಆಪರೇಷನ್ ಮುಂದಿದೆ ಅಂದಾಗ ಸರ್ಜನ್‌ಗಳ ಬಾಯಲ್ಲಿ ಪಿಎನ್‌ಐ ಅನ್ನೋದೂ ಕೇಳಬಹುದು. ಜಪಾನಿನ ಒನೊಡೆರಾ 1984ರಲ್ಲಿ ಕೊಟ್ಟ ಲೆಕ್ಕ. ಅಲ್ಬುಮಿನ್ ಗ್ರಾಂ ಅನ್ನು 10ರಿಂದ ಗುಣಿಸಿ, ಲಿಂಫೋಸೈಟ್ ಸಂಖ್ಯೆಯನ್ನು 0.005ರಿಂದ ಗುಣಿಸಿ, ಕೂಡಿಸಬೇಕು. ನಮ್ಮ ಉದಾಹರಣೆಯಲ್ಲಿ ಲಿಂಫೋಸೈಟ್ 1,512, ಹಾಗಾಗಿ 34 ಕೂಡಿಸು 7.6, ಸುಮಾರು 41.6. ಹೊಟ್ಟೆ, ಕರುಳಿನ ಆಪರೇಷನ್ನಿಗೆ ದೇಹ ತಯಾರಿದೆಯಾ ಅಂತ ನೋಡಲು ಹುಟ್ಟಿದ್ದು ಇದು. 40ಕ್ಕಿಂತ ಕೆಳಗೆ ಬಂದರೆ ಅಪಾಯ ಅಂತ ಅವರು ಹೇಳಿದ್ದರು. ಆ ಕೆಲಸಕ್ಕೆ ಇದು ಒಳ್ಳೆಯದೇ.

ಕೆಲವು ಕ್ಯಾನ್ಸರಿಗೆ ಆಯ್ಕೆ ಆಗಲೇ ಆಗಿದೆ

ಇದನ್ನು ತುಂಬಾ ಜನ ಮರೆಯುತ್ತಾರೆ. ಮನೆಯಲ್ಲಿ ಕೂತು ಎನ್‌ಎಲ್‌ಆರ್ ಲೆಕ್ಕ ಹಾಕುವ ಮುಂಚೆ, ನಿಮ್ಮ ಕಾಯಿಲೆಗೆ ಡಾಕ್ಟರು ಆಗಲೇ ಬಳಸುವ ಸ್ಕೋರ್ ಇದೆಯಾ ಅಂತ ಕೇಳಿ. ಇದ್ದರೆ ಅದೇ ಗಟ್ಟಿ.

ಹರಡಿದ ಕಿಡ್ನಿ ಕ್ಯಾನ್ಸರಿಗೆ ಐಎಂಡಿಸಿ ಅನ್ನುವ ಆರು ಅಂಶಗಳ ಲೆಕ್ಕ ಇದೆ. ನ್ಯೂಟ್ರೋಫಿಲ್ ಮಿತಿ ಮೀರಿದೆಯಾ, ಪ್ಲೇಟ್‌ಲೆಟ್ ಮಿತಿ ಮೀರಿದೆಯಾ, ಹಿಮೋಗ್ಲೋಬಿನ್ ಕಡಿಮೆಯಾ, ಕ್ಯಾಲ್ಸಿಯಂ ಜಾಸ್ತಿಯಾ ಅನ್ನುವ ನಾಲ್ಕು ರಕ್ತದಿಂದಲೇ ಬರುತ್ತವೆ. ಉಳಿದೆರಡು, ರೋಗಿ ಎಷ್ಟು ಓಡಾಡಿಕೊಂಡಿದ್ದಾರೆ, ಕಾಯಿಲೆ ಗೊತ್ತಾಗಿ ಒಂದು ವರ್ಷದ ಒಳಗೇ ಔಷಧಿ ಬೇಕಾಯಿತಾ ಅನ್ನೋದು. ಒಂದೂ ಇಲ್ಲದಿದ್ದರೆ ಒಳ್ಳೆಯ ಗುಂಪು, ಒಂದೆರಡಿದ್ದರೆ ನಡುವಿನದು, ಮೂರು ಅಥವಾ ಹೆಚ್ಚಿದ್ದರೆ ಕಷ್ಟದ ಗುಂಪು. ಔಷಧಿ ಆರಿಸುವಾಗಲೂ ಡಾಕ್ಟರು ಈ ಗುಂಪನ್ನು ನೋಡುತ್ತಾರೆ.

ಹಾಡ್ಕಿನ್ ಲಿಂಫೋಮಾ ಅನ್ನುವ ದುಗ್ಧಗ್ರಂಥಿಯ ಕ್ಯಾನ್ಸರ್ ಶುರುವಿನ ಹಂತದಲ್ಲಿದ್ದರೆ, ಎಲ್ಲರೂ ಹಳೇದು ಅಂತ ಮೂಲೆಗೆ ತಳ್ಳಿದ ಇಎಸ್‌ಆರ್, ಅಂದರೆ ಕೆಂಪು ಕಣಗಳು ಕೆಳಗೆ ಕೂರುವ ವೇಗದ ಟೆಸ್ಟ್, ಇನ್ನೂ ಕೆಲಸಕ್ಕೆ ಬರುತ್ತದೆ. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇಲ್ಲದವರಲ್ಲಿ 50, ಇರುವವರಲ್ಲಿ 30 ದಾಟಿದರೆ ಯುರೋಪಿನ ಪದ್ಧತಿಯಲ್ಲಿ ಅಪಾಯದ ಗುರುತು. ಬೇರೆ ಕ್ಯಾನ್ಸರಿಗೆ ನಾನು ಇಎಸ್‌ಆರ್ ನೋಡಿ ಅನ್ನುವುದಿಲ್ಲ. ರಕ್ತಹೀನತೆ ಇದ್ದರೂ ಅದು ಏರುತ್ತದೆ, ವಯಸ್ಸಾದರೂ ಏರುತ್ತದೆ.

ಎಲ್‌ಡಿಎಚ್ ನಿಜವಾಗಿ ಉರಿಯೂತದ ಅಂಕಿಯಲ್ಲ, ಕಣಗಳು ಒಡೆದಾಗ ಹೊರಬರುವ ಕಿಣ್ವ. ಹರಡಿದ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿನ ಹಂತ ಬರೆಯುವಾಗ ಅದನ್ನು ಸೇರಿಸಿಯೇ ಬರೆಯುತ್ತಾರೆ. 1993ರಿಂದ ಹಾಡ್ಕಿನ್ ಅಲ್ಲದ ಲಿಂಫೋಮಾಗಳಿಗೆ ಬಳಸುವ ಐಪಿಐ ಸ್ಕೋರಿನಲ್ಲೂ ಅದು ಇದೆ. ಶ್ವಾಸಕೋಶದ ಕ್ಯಾನ್ಸರಿಗೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ವಿರುದ್ಧ ಎಬ್ಬಿಸುವ ಚಿಕಿತ್ಸೆ ಶುರುಮಾಡುವಾಗ ಎಲ್‌ಡಿಎಚ್ ಜೊತೆ ಎನ್‌ಎಲ್‌ಆರ್‌ನ ಒಂದು ಬದಲಿ ಲೆಕ್ಕವನ್ನು ಸೇರಿಸಿದ ಲಿಪಿ ಅನ್ನುವ ಸ್ಕೋರ್ 2018ರಲ್ಲಿ ಬಂತು. ಬದಲಿ ಲೆಕ್ಕ ಅಂದರೆ ನ್ಯೂಟ್ರೋಫಿಲ್ಲನ್ನು ಉಳಿದೆಲ್ಲ ಬಿಳಿ ಕಣಗಳಿಂದ ಭಾಗಿಸುವುದು. ಅದು 3 ದಾಟಬಾರದು. ನಮ್ಮ ಉದಾಹರಣೆಯಲ್ಲಿ 72 ಭಾಗಿಸು 28, ಸುಮಾರು 2.6. ಒಂದು ಮಾತು, ರಕ್ತ ತೆಗೆಯುವಾಗ ನರ ಸಿಗದೆ ಸಿರಿಂಜ್ ಜೋರಾಗಿ ಎಳೆದರೆ ಕೆಂಪು ಕಣ ಒಡೆದು ಸೀರಂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಥ ರಕ್ತದ ಎಲ್‌ಡಿಎಚ್ ಸುಳ್ಳಾಗಿ ಏರುತ್ತದೆ. ಕೀಮೋ ಆಗಿ ಆಗಿ ನರ ಗಟ್ಟಿಯಾದವರಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ರಿಪೋರ್ಟಿನಲ್ಲಿ 'ಹಿಮೋಲೈಸ್ಡ್' ಅಂತ ಬರೆದಿದ್ದರೆ ಮತ್ತೆ ಮಾಡಿಸಿ.

ಅಂಕಿ ಇಳಿಸಿದರೆ ಕಾಯಿಲೆ ಇಳಿಯುತ್ತದಾ?

ಈ ಪ್ರಶ್ನೆ ನನಗೆ ವಾರಕ್ಕೆ ಒಂದು ಸಲವಾದರೂ ಬರುತ್ತದೆ. ಅರಿಶಿನದ ಕಷಾಯ ಕೊಟ್ಟು ಸಿಆರ್‌ಪಿ ಇಳಿಸಬಹುದಾ ಅಂತ. 2017ರಲ್ಲಿ ಹೃದಯದ ಕಾಯಿಲೆಯ 10,061 ಜನರ ಮೇಲೆ ಕನಾಕಿನುಮ್ಯಾಬ್ ಅನ್ನುವ ಉರಿಯೂತ ಇಳಿಸುವ ಔಷಧಿಯ ಫಲಿತಾಂಶ ಬಂತು. ಅದನ್ನು ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡುಬಂತು. ಎಲ್ಲರಿಗೂ ಆಸೆ ಹುಟ್ಟಿತು. ಆಗಲೇ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಅದನ್ನೇ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳು ಗುರಿ ಮುಟ್ಟಲಿಲ್ಲ. ಉರಿಯೂತ ಇಳಿಸುವುದೇ ಗಡ್ಡೆಗೆ ಚಿಕಿತ್ಸೆ ಆಗುವುದಿಲ್ಲ ಅಂತ ಅಷ್ಟು ದೊಡ್ಡ ಪ್ರಯೋಗಗಳಲ್ಲಿ ಕಂಡಿದೆ. ಕಷಾಯ ಕೊಡುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಕೀಮೋ ಔಷಧಿ ಕರಗುವುದೂ ಅದೇ ಲಿವರಿನಲ್ಲಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಮುಂದಿನ ದಾರಿ ಕಷ್ಟವಿರಬಹುದು ಅಂತ ಹೇಳುವ ಅಂಕಿ ಬೇರೆ, ಈ ಔಷಧಿ ನಿಮಗೆ ಹಿಡಿಸುತ್ತದೆ ಅಂತ ಹೇಳುವ ಅಂಕಿ ಬೇರೆ. ಎನ್‌ಎಲ್‌ಆರ್, ಗ್ಲಾಸ್ಗೋ ಸ್ಕೋರ್ ಎರಡೂ ಮೊದಲನೇ ಜಾತಿಯವು. ಎನ್‌ಎಲ್‌ಆರ್ ಜಾಸ್ತಿ ಇದೆ, ಇಮ್ಯುನೋಥೆರಪಿ ಕೆಲಸ ಮಾಡಲ್ಲ ಅಂತ ಮನೆಯವರೇ ತೀರ್ಮಾನ ಮಾಡಿ ಚಿಕಿತ್ಸೆ ಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ.

ಹಾಗಾದರೆ ಆರಿಸುವುದು ಹೇಗೆ ಅಂದರೆ, ನಿಮ್ಮ ಕಾಯಿಲೆಗೆ ಅದರದೇ ಸ್ಕೋರ್ ಇದ್ದರೆ ಅದು. ಇಲ್ಲದಿದ್ದರೆ ಚಿಕಿತ್ಸೆಗೆ ಮುಂಚೆ ಒಮ್ಮೆ ಸಿಆರ್‌ಪಿ, ಅಲ್ಬುಮಿನ್. ಸಿಬಿಸಿ ಮಾತ್ರ ಇದ್ದರೆ ಎನ್‌ಎಲ್‌ಆರ್, ಅದೂ ಒಂದೇ ಸಲದ್ದಲ್ಲ, ಒಂದೇ ಥರದ ದಿನ ತೆಗೆದ ಮೂರು ನಾಲ್ಕು ರಿಪೋರ್ಟಿನದು. ಒಂದೇ ಲ್ಯಾಬಿನಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು.

ಆ ಹುಡುಗ ಮುಂದಿನ ಸಲ ಬಂದಾಗ ರಾತ್ರಿ ಮಾತ್ರೆಗೆ ಮುಂಚೆಯೇ, ಹಿಂದಿನ ದಿನ ಸಂಜೆ ರಕ್ತ ಕೊಡಿಸಿದ್ದ. ಡಾಕ್ಟರೇ ಹಾಗೆ ಬರೆದುಕೊಟ್ಟಿದ್ದರಂತೆ. ನ್ಯೂಟ್ರೋಫಿಲ್ 74, ಲಿಂಫೋಸೈಟ್ 17. ಫೈಲಿನ ಮುಂದೆ ಒಂದು ಬಿಳಿ ಹಾಳೆ ಪಿನ್ ಮಾಡಿದ್ದ. ಅದರಲ್ಲಿ ತಾರೀಖು, ರಕ್ತ ಕೊಟ್ಟ ಹೊತ್ತು, ಕೊನೆಯ ಸ್ಟೀರಾಯ್ಡ್ ಯಾವಾಗ, ಬಿಳಿ ಕಣ ಏರಿಸುವ ಇಂಜೆಕ್ಷನ್ ಯಾವಾಗ, ಜ್ವರ ಇತ್ತಾ, ಹಲ್ಲುನೋವು ಇತ್ತಾ ಅಂತ ಗೆರೆ ಎಳೆದು ಖಾನೆ ಮಾಡಿದ್ದ. ಅದರ ಪಕ್ಕದಲ್ಲಿ ಎನ್‌ಎಲ್‌ಆರ್ ಖಾನೆ. 11 ಇದ್ದ ಕಡೆ 'ಮಾತ್ರೆ ಆದಮೇಲೆ' ಅಂತ ಬರೆದು ಒಂದು ಸುತ್ತು ಹಾಕಿದ್ದ. ನಾನು ಹೊಸ ಅಂಕಿಯನ್ನು ಅದರ ಕೆಳಗೆ ಬರೆದುಕೊಟ್ಟೆ, 4.4.